ಮಿನಿಐಒ, ಗ್ಯಾರೇಜ್, ಸೀವೀಡ್‌ಎಫ್‌ಎಸ್: ಆಫೀಸಿನ ಹಳೇ ಪಿಸಿಗೆ ಯಾವುದು ಹೊಂದುತ್ತದೆ?

ಹುಬ್ಬಳ್ಳಿಯ ಫೋಟೋ ಸ್ಟುಡಿಯೋ ಇರಲಿ, ಗದಗಿನ ಪ್ರಿಂಟಿಂಗ್ ಪ್ರೆಸ್ ಇರಲಿ, ಮದುವೆ ಸೀಸನ್ ಮುಗಿಯುವಷ್ಟರಲ್ಲಿ ಹಾರ್ಡ್‌ಡಿಸ್ಕ್ ತುಂಬಿ, ಯಾವುದು ಅಸಲು ಯಾವುದು ನಕಲು ಎಂಬುದೇ ತಿಳಿಯದಂತಾಗಿರುತ್ತದೆ. 8 ಜಿಬಿ ರ್‍ಯಾಮ್, ಒಂದು ಸಣ್ಣ ಎಸ್‌ಎಸ್‌ಡಿ, 4 ಟಿಬಿ ಡಿಸ್ಕ್, ಉಬುಂಟು ಇರುವ ಹಳೇ ಪಿಸಿ ಸಿಕ್ಕರೆ ಎಸ್3 (ಅಮೆಜಾನಿನ ಆನ್‌ಲೈನ್ ಸ್ಟೋರೇಜ್ ಸೇವೆ) ಮಾದರಿಯ ಸ್ಟೋರೇಜನ್ನು ಸ್ವಂತಕ್ಕೆ ಕಟ್ಟಿಕೊಳ್ಳಬಹುದು. ಅಂಥ ಯಂತ್ರದ ಮೇಲೆ ಅದಕ್ಕೆ ಬೇಕಾದ ಮೂರು ಸಾಫ್ಟ್‌ವೇರ್‌ಗಳಾದ ಮಿನಿಐಒ, ಗ್ಯಾರೇಜ್, ಸೀವೀಡ್‌ಎಫ್‌ಎಸ್‌ಗಳನ್ನು ಓಡಿಸಿ ನೋಡಿದ ಹೋಲಿಕೆ ಇದು. ಕಮಾಂಡುಗಳನ್ನು ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಶುರು ಮಾಡಲು ಮಿನಿಐಒದಷ್ಟು ಸಲೀಸು ಇನ್ನೊಂದಿಲ್ಲ. ರೂಟ್ ಯೂಸರ್ ಮತ್ತು ಕನಿಷ್ಠ 8 ಅಕ್ಷರದ ಪಾಸ್‌ವರ್ಡ್ ಕೊಟ್ಟು ‘ಮಿನಿಐಒ ಸರ್ವರ್’ ಮುಂದೆ ಫೋಲ್ಡರ್ ಹೆಸರು ಬರೆದರೆ 9000 ಪೋರ್ಟಿನಲ್ಲಿ ಕೆಲಸಕ್ಕೆ ನಿಲ್ಲುತ್ತದೆ. ತೊಡಕು ಬೇರೆ ಕಡೆ ಇದೆ. 2025ರಲ್ಲಿ ಉಚಿತ ಆವೃತ್ತಿಯ ವೆಬ್ ಕನ್ಸೋಲಿನಿಂದ ಅಡ್ಮಿನ್ ಸೌಲಭ್ಯ ತೆಗೆದರು, ಅಕ್ಟೋಬರಿನಲ್ಲಿ ಸಿದ್ಧ ಬೈನರಿ ಹಾಗೂ ಡಾಕರ್ ಇಮೇಜ್ ಕೊಡುವುದನ್ನು ನಿಲ್ಲಿಸಿದರು, ಡಿಸೆಂಬರಿನಲ್ಲಿ ಮೇಂಟೆನೆನ್ಸ್ ಮೋಡ್ (ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ) ಅಂದರು. ಈಗಾಗಲೇ ನಡೆಸುತ್ತಿರುವವರು ಗಾಬರಿಯಾಗಬೇಕಿಲ್ಲ, ಫೈಲ್ ನಕಲಿಸುವ ಆರ್‌ಕ್ಲೋನ್ ಎಂಬ ಉಪಕರಣದ ‘ಸಿಂಕ್’ ಹಾಕಿ ನಿಧಾನಕ್ಕೆ ಬೇರೆಡೆ ಸಾಗಿಸಬಹುದು. ಹೊಸದಾಗಿ ಮಾತ್ರ ಇದನ್ನು ಹಾಕಬೇಡಿ.

ಗ್ಯಾರೇಜನ್ನು ಡ್ಯೂಫ್ಲರ್ ಎಂಬ ಫ್ರೆಂಚ್ ಸಂಘದವರು ರಸ್ಟ್ ಭಾಷೆಯಲ್ಲಿ ಬರೆದಿದ್ದಾರೆ. ಇಡೀ ಸಂಸಾರ ಒಂದೇ ಬೈನರಿಯಲ್ಲಿದೆ, 1 ಜಿಬಿ ರ್‍ಯಾಮ್ ಸಾಕು. ಆದರೆ ಮಿನಿಐಒ ಹಾಗೆ ಒಂದೇ ಸಾಲಿಗೆ ಏಳುವುದಿಲ್ಲ. ಮೊದಲು ಗ್ಯಾರೇಜ್ ಡಾಟ್ ಟಾಮಲ್ ಎಂಬ ಸೆಟ್ಟಿಂಗ್ ಫೈಲ್ ಬರೆಯಬೇಕು: ಮೆಟಾಡೇಟಾ (ಫೈಲುಗಳ ಹೆಸರು, ವಿವರ) ಎಸ್‌ಎಸ್‌ಡಿಗೆ, ಡೇಟಾ ದೊಡ್ಡ ಡಿಸ್ಕಿಗೆ, ರೆಪ್ಲಿಕೇಶನ್ ಫ್ಯಾಕ್ಟರ್ (ಎಷ್ಟು ಪ್ರತಿ ಇಡಬೇಕು) 1, ಯಂತ್ರಗಳು ಪರಸ್ಪರ ಗುರುತಿಸುವ ಗುಟ್ಟಿನ ಪದವಾದ ಆರ್‌ಪಿಸಿ ಸೀಕ್ರೆಟ್‌ಗೆ ‘ಓಪನ್‌ಎಸ್‌ಎಸ್‌ಎಲ್ ರ್‍ಯಾಂಡ್ -ಹೆಕ್ಸ್ 32’ ಕೊಡುವ 64 ಅಕ್ಷರ. ಸರ್ವರ್ ಎದ್ದ ತಕ್ಷಣ ಬಕೆಟ್ (ಫೈಲುಗಳನ್ನು ಇಡುವ ದೊಡ್ಡ ಡಬ್ಬ) ಮಾಡಲು ಹೋದರೆ ಲೇಔಟ್ (ಯಾವ ಯಂತ್ರಕ್ಕೆ ಎಷ್ಟು ಜಾಗ ಎಂಬ ಹಂಚಿಕೆ) ಸಿದ್ಧವಿಲ್ಲ ಎಂದು ವಾಪಸ್ ಕಳಿಸುತ್ತದೆ. ‘ಗ್ಯಾರೇಜ್ ಸ್ಟೇಟಸ್’ ತೋರಿಸುವ ಐಡಿ ಹಿಡಿದು ‘ಗ್ಯಾರೇಜ್ ಲೇಔಟ್ ಅಸೈನ್ -ಝಡ್ ಹುಬ್ಬಳ್ಳಿ -ಸಿ 3ಟಿ’ ಮುಂದೆ ಆ ಐಡಿ ಹಾಕಿ, ಆಮೇಲೆ ‘ಲೇಔಟ್ ಅಪ್ಲೈ --ವರ್ಶನ್ 1’ ಕೊಡಬೇಕು. ಈ ಎರಡನೆಯದನ್ನು ಮರೆಯುವವರೇ ಜಾಸ್ತಿ. ನಂತರ ‘ಬಕೆಟ್ ಕ್ರಿಯೇಟ್’, ‘ಕೀ ಕ್ರಿಯೇಟ್’. ಕೀ ಹುಟ್ಟಿದ ಮಾತ್ರಕ್ಕೆ ಬಕೆಟ್ ತೆರೆಯದು, ‘ಬಕೆಟ್ ಅಲೌ --ರೀಡ್ --ರೈಟ್’ ಕೊಡುವ ತನಕ 403 (ಅನುಮತಿ ಇಲ್ಲ) ಬರುತ್ತಲೇ ಇರುತ್ತದೆ.

ಡೇಟಾಬೇಸ್ ಎಂಜಿನ್ ವಿಷಯದಲ್ಲಿ ನಮ್ಮ ಕಡೆಯವರು ಎಚ್ಚರವಾಗಿರಬೇಕು. ಗ್ಯಾರೇಜ್ ತಾನಾಗಿ ಆರಿಸಿಕೊಳ್ಳುವುದು ಎಲ್‌ಎಂಡಿಬಿಯನ್ನು. ಅದು ಚುರುಕು ನಿಜ, ಆದರೆ ಯಂತ್ರ ದಿಢೀರನೆ ಬಂದ್ ಆದರೆ ಮೆಟಾಡೇಟಾ ಕೆಡಬಹುದು. ಮೂರು ಕಡೆ ನಕಲು ಇದ್ದರೆ ಉಳಿದವುಗಳಿಂದ ತುಂಬಿಕೊಳ್ಳಬಹುದು, ಒಂದೇ ಪಿಸಿ ಇದ್ದರೆ ತುಂಬಿಕೊಡುವವರು ಯಾರೂ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ಓಣಿಯಲ್ಲಿ ಡಿಬಿ ಎಂಜಿನ್‌ಗೆ ಎಸ್‌ಕ್ಯೂಲೈಟ್ ಬರೆಯಿರಿ, ಮೆಟಾಡೇಟಾ ಆಟೋ ಸ್ನ್ಯಾಪ್‌ಶಾಟ್ ಇಂಟರ್ವಲ್‌ಗೆ 6 ಗಂಟೆ ಕೊಡಿ. ಯುಪಿಎಸ್ ಅಂತೂ ಇರಲೇಬೇಕು.

ಗ್ಯಾರೇಜಿನ ನಿಜವಾದ ಬಲ ಕಾಣುವುದು ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಊರಲ್ಲಿ ಒಂದೊಂದು ಪಿಸಿ ಇಟ್ಟಾಗ. ಪ್ರತಿ ಊರು ಒಂದು ಝೋನ್, ಫ್ಯಾಕ್ಟರ್ 3. ಒಂದು ಊರಿನ ಲೈನ್ ಕಡಿದು ಬಿದ್ದರೂ ಮಿಕ್ಕ ಎರಡರಲ್ಲಿ ಓದುವುದು, ಬರೆಯುವುದು ಎರಡೂ ನಡೆಯುತ್ತವೆ. ಖರ್ಚು ಉಳಿಸಲು ಎರಡೇ ಪಿಸಿ ಇಟ್ಟು ಫ್ಯಾಕ್ಟರ್ 2 ಕೊಡುವವರಿದ್ದಾರೆ. ಒಂದು ಬಿದ್ದಾಗ ಇನ್ನೊಂದರಿಂದ ಓದಬಹುದು, ಹೊಸದನ್ನು ಹಾಕಲು ಬಿಡುವುದಿಲ್ಲ. ಪ್ರೆಸ್ಸಿನಲ್ಲಿ ರಾತ್ರಿ ಪಾಳಿಗೆ ಅದು ಹೊಂದುವ ವ್ಯವಸ್ಥೆಯಲ್ಲ. ಬ್ರಾಡ್‌ಬ್ಯಾಂಡ್‌ನವರು ಸ್ವಂತ ಪಬ್ಲಿಕ್ ಐಪಿ ಕೊಡದಿದ್ದರೆ ಯಂತ್ರಗಳು 3901 ಪೋರ್ಟಿನಲ್ಲಿ ಪರಸ್ಪರ ಸಿಗುವುದಿಲ್ಲ. ಮೂರಕ್ಕೂ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಆರ್‌ಪಿಸಿ ಪಬ್ಲಿಕ್ ಅಡ್ರೆಸ್‌ನಲ್ಲಿ ಆ ಒಳಗಿನ ಐಪಿಯನ್ನೇ ಬರೆಯಬೇಕು. ಒಂದು ಕೊರತೆ ಇದೆ: ವರ್ಶನಿಂಗ್ (ಹಳೆಯ ಪ್ರತಿಗಳನ್ನೂ ಉಳಿಸುವ ಸೌಲಭ್ಯ) ಇಲ್ಲ. ಅದೇ ಹೆಸರಿನ ಪಿಡಿಎಫ್ ಮತ್ತೆ ಹಾಕಿದರೆ ಹಳೆಯದು ಹೋಯಿತು. ಹೆಸರಿನಲ್ಲೇ ತಾರೀಖು ಸೇರಿಸುವ ರೂಢಿ ಮಾಡಿಕೊಳ್ಳಿ.

ಸೀವೀಡ್‌ಎಫ್‌ಎಸ್ ಬೇರೆಯದೇ ಜಾತಿ. ಫೇಸ್‌ಬುಕ್ಕಿನವರು ಫೋಟೋ ಇಡಲು ಕಟ್ಟಿದ ಹೇಸ್ಟ್ಯಾಕ್ ಎಂಬ ವ್ಯವಸ್ಥೆಯ ದಾರಿ ಹಿಡಿದದ್ದು: ಸಾವಿರಾರು ಸಣ್ಣ ಫೈಲುಗಳನ್ನು ಸುಮಾರು 30 ಜಿಬಿಯ ಒಂದೊಂದು ವಾಲ್ಯೂಮ್ ಎಂಬ ದೊಡ್ಡ ಫೈಲಿನೊಳಗೆ ಒತ್ತೊತ್ತಾಗಿ ತುಂಬುತ್ತದೆ. ಆಲ್ಬಮ್ಮಿನ ಲಕ್ಷಗಟ್ಟಲೆ ಥಂಬ್‌ನೇಲ್‌ಗಳಿಗೆ ಇದನ್ನು ಮೀರಿಸಿದ್ದು ಈ ಮೂರರಲ್ಲಿ ಇಲ್ಲ. ‘ವೀಡ್ ಸರ್ವರ್ -ಡೈರ್=/ಡೇಟಾ -ಎಸ್3’ ಎಂದರೆ 8333ರಲ್ಲಿ ಎಸ್3 ಬಾಗಿಲು ತೆರೆಯುತ್ತದೆ, ಕೀಲಿಯೇ ಇಲ್ಲದೆ. ಯೂಸರ್ ಹೊಂದಿಸದಿದ್ದರೆ ಆಫೀಸಿನ ವೈಫೈ ಸಿಕ್ಕವರೆಲ್ಲ ಅಳಿಸಬಹುದು. ‘ವೀಡ್ ಶೆಲ್’ ಒಳಗೆ ‘ಎಸ್3 ಡಾಟ್ ಕಾನ್ಫಿಗರ್’ ಮಾಡಿ ಕೊನೆಗೆ ‘-ಅಪ್ಲೈ’ ಸೇರಿಸಿ. ಅದು ಇಲ್ಲದಿದ್ದರೆ ಏನಾಗಲಿದೆಯೆಂದು ತೋರಿಸಿ ಸುಮ್ಮನಾಗುತ್ತದೆ.

ಎರಡನೇ ಬಕೆಟ್ ಮಾಡಿ ಫೈಲ್ ಹಾಕುವಾಗ, ಡಿಸ್ಕಿನಲ್ಲಿ 3 ಟಿಬಿ ಖಾಲಿ ಇದ್ದರೂ ‘ನೋ ಫ್ರೀ ವಾಲ್ಯೂಮ್ಸ್’ ಬಂದರೆ ಡಿಸ್ಕನ್ನು ಬೈಯಬೇಡಿ. ಪ್ರತಿ ಬಕೆಟ್ ತನ್ನದೇ ವಾಲ್ಯೂಮುಗಳನ್ನು ಹಿಡಿಯುತ್ತದೆ, ನಕಲಿಲ್ಲದ ಹೊಂದಿಕೆಯಲ್ಲಿ ಒಮ್ಮೆಗೆ 7. ಸರ್ವರಿನ ಮೂಲ ಮಿತಿ 8. ‘-ವಾಲ್ಯೂಮ್.ಮ್ಯಾಕ್ಸ್=0’ ಕೊಟ್ಟರೆ ಖಾಲಿ ಜಾಗ ನೋಡಿ ತಾನೇ ಲೆಕ್ಕ ಹಾಕುತ್ತದೆ. ಅಳಿಸಿದ ಕೂಡಲೇ ಜಾಗ ಬಿಡುಗಡೆಯಾಗದು. ವಾಲ್ಯೂಮಿನಲ್ಲಿ ಕಸ ಶೇ. 30 ದಾಟಿದ ಮೇಲೆ ವ್ಯಾಕ್ಯೂಮ್ (ಕಸ ತೆಗೆದು ಜಾಗ ಬಿಡಿಸುವ ಕೆಲಸ) ಆಗುತ್ತದೆ. ಫೈಲುಗಳ ಹೆಸರು ಇರುವುದು ಅದರ ಫೈಲರ್ ಎಂಬ ಭಾಗದ ಡೇಟಾಬೇಸಿನಲ್ಲಿ. ಅದು ಕಳೆದರೆ ಫೋಟೋ ಡಿಸ್ಕಿನಲ್ಲಿದ್ದೂ ಇಲ್ಲದಂತೆ. ವಾರಕ್ಕೊಮ್ಮೆ ‘ಎಫ್‌ಎಸ್ ಡಾಟ್ ಮೆಟಾ ಡಾಟ್ ಸೇವ್’ ಓಡಿಸಿ ಪೆನ್‌ಡ್ರೈವಿಗೆ ತೆಗೆದಿಡಿ. ಹಾಗೆ ನೋಡಿದರೆ ಮೂರರಲ್ಲೂ ಡಿಸ್ಕ್ ಬಿಚ್ಚಿ ವಿಂಡೋಸ್ ಪಿಸಿಗೆ ಹಾಕಿ ಜೆಪಿಜಿ ಹುಡುಕುವ ಮಾತೇ ಇಲ್ಲ.

ಕ್ಲೈಂಟ್ ಆಗಿ ಆರ್‌ಕ್ಲೋನ್ ಸಾಕು. ಅಮೆಜಾನಿನ ಕಮಾಂಡ್ ಉಪಕರಣವಾದ ಎಡಬ್ಲ್ಯುಎಸ್ ಸಿಎಲ್‌ಐ ಬೇಕೆಂದರೆ ಎಂಡ್‌ಪಾಯಿಂಟ್ ಯುಆರ್‌ಎಲ್ (ನಿಮ್ಮ ಸರ್ವರಿನ ವಿಳಾಸ) ಪ್ರತಿ ಸಲ ಕೊಡುವ ಬದಲು ಪ್ರೊಫೈಲಿನಲ್ಲೇ ಬರೆದಿಡಿ. ಗ್ಯಾರೇಜಿಗೆ ರೀಜನ್ ಹೆಸರು ಟಾಮಲ್ ಫೈಲಿನಲ್ಲಿ ಬರೆದದ್ದೇ ಇರಬೇಕು, ಸಾಮಾನ್ಯವಾಗಿ ‘ಗ್ಯಾರೇಜ್’ ಎಂದೇ. 2025ರ ಜನವರಿಯ 2.23 ಆವೃತ್ತಿಯಿಂದ ಈ ಸಿಎಲ್‌ಐ ಹೊಸ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ತಾನಾಗಿ ಸೇರಿಸುತ್ತದೆ. ಹಳೇ ಸರ್ವರ್ ಅದನ್ನು ಒಪ್ಪದಿದ್ದರೆ ರಿಕ್ವೆಸ್ಟ್ ಚೆಕ್‌ಸಮ್ ಕ್ಯಾಲ್ಕ್ಯುಲೇಶನ್ ಮತ್ತು ರೆಸ್ಪಾನ್ಸ್ ಚೆಕ್‌ಸಮ್ ವ್ಯಾಲಿಡೇಶನ್ ಎರಡಕ್ಕೂ ‘ವೆನ್ ರಿಕ್ವೈರ್ಡ್’ ಕೊಡಿ.

ಎಲ್ಲ ಸರಿಯಿದ್ದೂ ಬೆಳಿಗ್ಗೆ ಪಿಸಿ ಆನ್ ಮಾಡಿದಾಗ ಮಾತ್ರ ಸಹಿ (ಕ್ಲೈಂಟ್ ಕೀಲಿ ಬಳಸಿ ಪ್ರತಿ ಕೋರಿಕೆಗೆ ಹಾಕುವ ಗುರುತು) ತಿರಸ್ಕಾರವಾದರೆ ಗಡಿಯಾರ ನೋಡಿ. 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಎಸ್3 ಸಹಿಗೆ ನಡೆಯದು. ಹಳೇ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ನೆಟ್ ಬರುವ ತನಕ ಹಾಗೇ ಇರುತ್ತದೆ. ಸೆಲ್ ಬದಲಿಸಿ, ‘ಟೈಮ್‌ಡೇಟ್‌ಸಿಟಿಎಲ್’ ಹೊಡೆದು ಸಿಂಕ್ ಆಗಿದೆಯೇ ನೋಡಿ, ಆಮೇಲೆ ಸರ್ವರ್ ಎಬ್ಬಿಸಿ.