ಎಳೆಕೂಸಿನ ತೇಗು: ಹೆಗಲ ಮೇಲೋ, ಮಡಿಲಲ್ಲೋ?

ಕುಂಬಳೆ, ಬದಿಯಡ್ಕ ಕಡೆಯ ಬಾಣಂತಿ ಮನೆಗಳಲ್ಲಿ ಮಗು ಹಾಲು ಕುಡಿದ ಕೂಡಲೇ ಅಜ್ಜಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ನನಗೂ ಅದೇ ಇಷ್ಟ. ಗದ್ದ ನಿಮ್ಮ ಹೆಗಲ ಮೇಲಿರಲಿ, ಒಂದು ಕೈ ಕುಂಡೆಯ ಕೆಳಗೆ, ಇನ್ನೊಂದು ಬೆನ್ನಿಗೆ. ಜೋರಾಗಿ ತಟ್ಟಬೇಡಿ, ಕೆಳಗಿನಿಂದ ಮೇಲಕ್ಕೆ ಸುಮ್ನೆ ಸವರಿ. ಮೈಯ ಬಿಸಿ ಸಿಕ್ಕಿದರೆ ಎಷ್ಟೋ ಸಲ ಅಳುವೂ ಇಳಿಯುತ್ತದೆ.

ಹಾಲು ಕಕ್ಕುವ ಮಗುವಾದರೆ ಮಡಿಲು ವಾಸಿ, ಮುಖ ಕಾಣುತ್ತದೆ ಅಲ್ವಾ. ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸಿ. ಹಿಡಿಯಬೇಕಾದ್ದು ಗದ್ದವನ್ನು, ಗಂಟಲನ್ನಲ್ಲ.

ಎದೆಹಾಲಿನ ಮಕ್ಕಳು ಸಾಮಾನ್ಯವಾಗಿ ಬಾಟಲಿ ಮಕ್ಕಳಿಗಿಂತ ಕಡಿಮೆ ಗಾಳಿ ನುಂಗುತ್ತವೆ. ಕೆಲವು ನಿಮಿಷದಲ್ಲಿ ತೇಗು ಬರದಿದ್ದರೆ, ಮಗು ಆರಾಮಾಗಿದ್ದರೆ ಬಿಟ್ಟುಬಿಡಿ. ಅಂಗಾತವೇ ಮಲಗಿಸಿ. ಪ್ರತಿ ಸಲವೂ ಗಾಳಿ ಜಾಸ್ತಿ ನುಂಗುತ್ತಿದ್ದರೆ ಮಗು ಮೊಲೆಗೆ ಬಾಯಿ ಹಾಕಿದ ರೀತಿ ನೋಡಿ: ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗಿರಬೇಕು.

ಬಜೆ ತೇಯ್ದು ನೆಕ್ಕಿಸುವುದು, ಜೇನು, ಗ್ರೈಪ್ ವಾಟರ್ ಯಾವುದೂ ಬೇಡ. 6 ತಿಂಗಳು ಎದೆಹಾಲು ಮಾತ್ರ. ಹಸಿರು ವಾಂತಿ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹಾಲೇ ಬೇಡವೆನ್ನುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಡಾಕ್ಟರ ಹತ್ತಿರ ಹೋಗಿ.