ಕೌಲ್ ಬಜಾರಿನ ಡಿಸ್ಕ್ ಪಾಲಿಶ್ ಅಂಗಡಿ: ಆರು ಒಯ್ದೆ, ನಾಲ್ಕು ಓಡುತ್ತಿವೆ

ಗೀರು ಬಿದ್ದ ಗೇಮ್ ಡಿಸ್ಕ್‌ಗಳನ್ನ ಇವತ್ತು ಎಸೆಯಲೋ ನಾಳೆ ಎಸೆಯಲೋ ಅಂತ ಇಟ್ಟುಕೊಂಡಿರುವವರು ಸ್ವಲ್ಪ ತಡೆಯಿರಿ. ಬಳ್ಳಾರಿಯ ಕೌಲ್ ಬಜಾರಿನ ಒಂದು ಸಂದಿಯಲ್ಲಿ ಅದನ್ನ ಸರಿ ಮಾಡುವವರು ಒಬ್ಬರಿದ್ದಾರೆ. ಅಂಗಡಿಗೆ ಬೋರ್ಡ್ ಇಲ್ಲ. ಎದುರು ಮನೆಯಲ್ಲಿ ಜೀನ್ಸ್ ಹೊಲಿಯುವ ಮಷಿನ್ ಸದ್ದು, ಒಳಗೆ ಬಿಚ್ಚಿಟ್ಟ ಟಿವಿ, ಮಿಕ್ಸಿ, ರಿಮೋಟು, ಮೂಲೆಯಲ್ಲಿ ಡಿಸ್ಕ್ ಪಾಲಿಶ್ ಮಷಿನ್. ಎಲ್ಲರೂ ಅವರನ್ನ ಭಾಯ್ ಅಂತಾರೆ, ನಾನೂ ಹಾಗೇ ಕರೆದೆ.

ನಮ್ಮ ಮನೆ ತೋರಣಗಲ್ಲಿನ ಹತ್ತಿರ. ಕಿಟಕಿ ತೆಗೆದರೆ ಸಾಕು, ಕಬ್ಬಿಣದ ಅದಿರಿನ ಕೆಂಪು ಧೂಳು ಒಳಗೆ. ಅಣ್ಣನೂ ನಾನೂ ಚಿಕ್ಕವರಿದ್ದಾಗ ಡಿಸ್ಕ್ ಮೇಲೆ ಧೂಳು ಕಂಡರೆ ಅಂಗಿಯ ತುದಿಯಲ್ಲಿ ಗರಗರ ತಿಕ್ಕಿ ಹಾಕುತ್ತಿದ್ದೆವು. ಅದೇ ತಪ್ಪು. ಅದಿರಿನ ಧೂಳು ಡಿಸ್ಕಿನ ಪ್ಲಾಸ್ಟಿಕ್‌ಗಿಂತ ತುಂಬಾ ಗಟ್ಟಿ, ಒಣಬಟ್ಟೆಯಲ್ಲಿ ಒರೆಸಿದರೆ ಉಸುಕಿನ ಕಾಗದ ತಿಕ್ಕಿದ ಹಾಗೇ. ಎರಡು ವರ್ಷದ ಹಿಂದೆ ಬೇರೆ ಒಂದು ಅಂಗಡಿಯಲ್ಲಿ ಕೊಟ್ಟಿದ್ದೆ. ಅವರು ಟೂತ್‌ಪೇಸ್ಟ್ ಹಚ್ಚಿ ಗುಂಡಗೆ ಉಜ್ಜಿ ನೂರು ರೂಪಾಯಿ ತಗೊಂಡರು. ಮನೆಗೆ ಬಂದು ಹಾಕಿದರೆ ಮುಂಚೆ ಅರ್ಧ ಓಡುತ್ತಿದ್ದದ್ದು ಆಗ ಶುರುವೇ ಆಗಲಿಲ್ಲ. ಆ ಸಿಟ್ಟು ಇನ್ನೂ ಇದೆ.

ಭಾಯ್ ಮೊದಲು ಡಿಸ್ಕ್ ಮುಟ್ಟಲೇ ಇಲ್ಲ. "ಬೇರೆ ಡಿಸ್ಕ್ ಓಡ್ತಾವೇನು ತಮ್ಮ?" ಅಂತ ಕೇಳಿದರು. ಯಾವ ಡಿಸ್ಕೂ ಓಡದಿದ್ದರೆ ತಪ್ಪು ಗೇಮ್ ಬಾಕ್ಸಿನೊಳಗೆ ಡಿಸ್ಕ್ ಓದುವ ಲೆನ್ಸಿನದು, ಸುಮ್ನೆ ಡಿಸ್ಕ್ ತಿಕ್ಕಿಸಿ ದುಡ್ಡು ಕಳೆಯಬೇಡ ಅಂದರು. ಆ ಒಂದು ಪ್ರಶ್ನೆಗೇ ನನಗೆ ಅವರ ಮೇಲೆ ನಂಬಿಕೆ ಬಂತು. ಆಮೇಲೆ ಒಂದೊಂದನ್ನೂ ನೀರಲ್ಲಿ ತೊಳೆದು, ಮೊಬೈಲ್ ಟಾರ್ಚ್ ಹಚ್ಚಿ, ಹೆಸರು ಮುದ್ರಿಸಿದ ಕಡೆಯಿಂದ ಬೆಳಕು ಬಿಟ್ಟು ಈಚೆಯಿಂದ ನೋಡಿದರು.

ಟೆಕ್ಕೆನ್ 3 ಅಲ್ಲೇ ಸೋತಿತು. ಫೈಟಿಂಗ್ ಗೇಮ್ ಅದು, ಅಣ್ಣನ ಹಳೇ ಪಿಎಸ್1 (ಸೋನಿಯ ಮೊದಲ ಪ್ಲೇಸ್ಟೇಷನ್ ಗೇಮ್ ಬಾಕ್ಸ್) ಡಿಸ್ಕ್, ಕೆಳಗೆ ಕಪ್ಪು ಬಣ್ಣದ್ದು, ಪಿಎಸ್2ನಲ್ಲೂ ಓಡುತ್ತೆ ಅಂತ ಎಷ್ಟೋ ವರ್ಷ ಆಡಿದ್ದೆವು. ಟಾರ್ಚ್ ಹಿಡಿದರೆ ಜರಡಿಯ ಹಾಗೆ ಚುಕ್ಕಿ ಚುಕ್ಕಿ ಬೆಳಕು. "ಇದಕ್ಕೆ ನಾನು ಕೈ ಹಚ್ಚಲ್ಲ, ಮೇಲ್ಗಡೆ ಹೋಗೈತೆ" ಅಂದರು. ನಾವೆಲ್ಲ ಹೊಳೆಯುವ ಕಡೆ ಗೀರಾದರೆ ಹೆದರುತ್ತೇವೆ, ಹೆಸರಿನ ಕಡೆ ಗೀರಾದರೆ ಬಿಡು ಅನ್ನುತ್ತೇವೆ, ಅಲ್ವಾ? ಪಿಎಸ್1 ಡಿಸ್ಕ್ ಅಂದರೆ ಸಿಡಿ, ಸಿಡಿಯಲ್ಲಿ ಅದು ಉಲ್ಟಾ. 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಇದ್ದು, ಗೇಮ್ ಇರುವ ಪದರ ಹೆಸರಿನ ಕೆಳಗೇ ಕೂತಿರುತ್ತೆ. ಅಲ್ಲಿ ಬೆಳ್ಳಿ ಬಣ್ಣ ಎದ್ದು ಹೋದರೆ ಗೇಮೇ ಎದ್ದು ಹೋದ ಹಾಗೆ, ಯಾವ ಮಷಿನ್ನೂ ವಾಪಸ್ ತರಲ್ಲ. ಡಿವಿಡಿ ಪರವಾಗಿಲ್ಲ. 0.6 ಮಿಲಿಮೀಟರಿನ ಎರಡು ತಟ್ಟೆ ಅಂಟಿಸಿರುತ್ತಾರೆ, ಗೇಮ್ ಮಧ್ಯದಲ್ಲಿ ಸೇಫ್ ಆಗಿರುತ್ತೆ.

ಹಾಗಾಗಿ ಡಿವಿಡಿಯಲ್ಲಿದ್ದ ಕ್ರಿಕೆಟ್ 07 ಉಳಿಯಿತು. ನಾನು ಅಷ್ಟು ದೂರ ಹೋಗಿದ್ದೇ ಅದಕ್ಕೆ. 2006ರ ಕೊನೆಗೆ ಬಂದ ಗೇಮ್, ಪಿಎಸ್2ಗೂ ಕಂಪ್ಯೂಟರಿಗೂ ಮಾತ್ರ ಬಂತು, ಅದಾದ ಮೇಲೆ ಅದನ್ನ ಮಾಡಿದ ಇಎ ಕಂಪನಿ ಈ ಥರದ ಕ್ರಿಕೆಟ್ ಗೇಮ್ ಮಾಡುವುದನ್ನೇ ಬಿಟ್ಟಿತು. ಡಿಸ್ಕ್ ಹೋದರೆ ನಮ್ಮ ಪಿಎಸ್2ನಲ್ಲಿ ಆ ಗೇಮ್ ಹೋಯ್ತು ಅಂತಲೇ.

ಮಷಿನ್ ಕೆಲಸ ನೋಡುವುದಕ್ಕೆ ಚೆನ್ನಾಗಿದೆ. ಡಿಸ್ಕ್ ತಿರುಗುತ್ತಾ ಇರುತ್ತೆ, ಮೇಲೆ ನೀರು ಬೀಳುತ್ತಾ ಇರುತ್ತೆ, ಮೊದಲು ಒರಟು ಪ್ಯಾಡು, ಆಮೇಲೆ ನುಣುಪಾದದ್ದು, ಕೊನೆಗೆ ಬಿಳಿ ಪಾಲಿಶ್ ಹಚ್ಚಿದ ಮೆತ್ತನೆ ಪ್ಯಾಡು. ಗೀರನ್ನ ತುಂಬುವುದಲ್ಲ ಇದು, ಗೀರಿನ ಸುತ್ತಲಿನ ಪ್ಲಾಸ್ಟಿಕ್ಕನ್ನೇ ಸ್ವಲ್ಪ ಸವೆಸಿ ಸಮ ಮಾಡುವುದು. ಪ್ರತಿ ಸಲ ಪ್ಲಾಸ್ಟಿಕ್ ಕಮ್ಮಿಯಾಗುತ್ತೆ, ಅದಕ್ಕೇ ಅವರು ಬೇಕಿರುವುದಕ್ಕಿಂತ ಒಂದು ಸುತ್ತೂ ಜಾಸ್ತಿ ತಿಕ್ಕಲ್ಲ. ಉಗುರಿಂದ ಗೀರನ್ನ ಸವರಿ ನೋಡಿ, ಉಗುರು ಸಿಕ್ಕಿಕೊಂಡರೆ ಮಾತ್ರ ಒರಟು ಪ್ಯಾಡು. ಕಾರ್ ರೇಸಿನ ಗ್ರಾನ್ ಟುರಿಸ್ಮೊ 4ಕ್ಕೆ ಬರೀ ಮೆತ್ತನೆ ಪ್ಯಾಡೇ ಸಾಕಾಯಿತು.

ಕಷ್ಟ ಕೊಟ್ಟದ್ದು ಮಾವನ ಮಗನ ಎಕ್ಸ್‌ಬಾಕ್ಸ್ 360 ಡಿಸ್ಕ್. ಗೇಮ್ ಓಡುವಾಗ ಬಾಕ್ಸನ್ನ ನಿಂತಿದ್ದ ಕಡೆಯಿಂದ ಮಲಗಿಸಿದ್ದಾನೆ, ಒಳಗೆ ತಿರುಗುತ್ತಿದ್ದ ಡಿಸ್ಕ್ ತಾಗಿ ಪೂರ್ತಿ ಬಳೆಯ ಹಾಗೆ ಗುಂಡಗೆ ಕೊರೆದಿದೆ. ಆ ಬಾಕ್ಸಿಗೆ ಇದು ಹಳೇ ಕಾಯಿಲೆ. ಗುಂಡನೆ ಗೀರು ಯಾಕೆ ಕೆಟ್ಟದ್ದು ಅಂತ ಭಾಯ್ ಹೇಳಿದ್ದು ನನಗೆ ಇಷ್ಟವಾಯಿತು. ಗೇಮ್ ಬರೆದಿರುವುದು ಒಳಗಿಂದ ಹೊರಗೆ ಸುತ್ತುವ ಒಂದೇ ಗೆರೆಯಲ್ಲಿ. ನಡುವಿನಿಂದ ಅಂಚಿಗೆ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಒಂದು ಚೂರು ಮಾತ್ರ ತಿನ್ನುತ್ತೆ, ಅಷ್ಟನ್ನ ಗೇಮ್ ಬಾಕ್ಸೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತೆ. ಗುಂಡನೆ ಗೀರು ಗೆರೆಯ ಮೇಲೇ ಹೋಗುವುದರಿಂದ ಉದ್ದಕ್ಕೆ ನುಂಗುತ್ತೆ. ಒರೆಸುವಾಗಲೂ ನಡುವಿನಿಂದ ಅಂಚಿಗೆ ನೇರಕ್ಕೆ ಒರೆಸಿ ಅನ್ನುವುದು ಅದಕ್ಕೇ. ಎರಡು ಸುತ್ತು ಪಾಲಿಶ್ ಆದ ಮೇಲೂ ಬಳೆಯ ಗುರುತು ಕಾಣುತ್ತಿತ್ತು, ಆದರೆ ಗೇಮ್ ಓದಿತು. ಮನೆಗೆ ಹೋದ ತಕ್ಷಣ ಹಾರ್ಡ್ ಡಿಸ್ಕಿಗೆ ಇನ್‌ಸ್ಟಾಲ್ ಮಾಡಿಸು ಅಂದರು. ಹಾಗೆ ಮಾಡಿದರೆ ಆಮೇಲೆ ಡಿಸ್ಕ್ ಒಳಗಿದೆಯೋ ಇಲ್ಲವೋ ಅಂತ ಅಷ್ಟೇ ನೋಡುತ್ತೆ, ಪೂರ್ತಿ ಓದುವ ಕೆಲಸ ಇಲ್ಲ. ಮಾಡಿಸಿದೆವು, ಓಡುತ್ತಿದೆ.

ಪಿಎಸ್3 ಡಿಸ್ಕನ್ನ ಮಷಿನ್ನಿಗೆ ಹಾಕಲು ಒಪ್ಪಲಿಲ್ಲ. ಅದು ಬ್ಲೂ-ರೇ ಅನ್ನುವ ಬೇರೆ ಜಾತಿಯ ಡಿಸ್ಕ್, ಅದರಲ್ಲಿ ಗೇಮಿನ ಪದರದ ಮೇಲೆ ಇರುವುದು 0.1 ಮಿಲಿಮೀಟರ್ ಮಾತ್ರ, ಒಂದು ಹಾಳೆಯಷ್ಟು. ಮೇಲೆ ಗಟ್ಟಿ ಲೇಪನ ಕೊಟ್ಟಿರುತ್ತಾರೆ, ತಿಕ್ಕಿದರೆ ಆ ಲೇಪನವೂ ಹೋಗುತ್ತೆ ಡಿಸ್ಕೂ ಹೋಗುತ್ತೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಬರೀ ಕೈಯೆಣ್ಣೆಯ ಜಿಡ್ಡಂತೆ. ಓಡಿತು, ದುಡ್ಡೂ ತಗೊಳ್ಳಲಿಲ್ಲ. ಆರನೆಯದು ಫುಟ್‌ಪಾತಿನಲ್ಲಿ ಕೊಂಡಿದ್ದ ಕಾಪಿ ಡಿಸ್ಕ್. ಅದರೊಳಗೆ ಇರುವುದು ಬಣ್ಣದ ಪದರ, ನಮ್ಮ ಬಿಸಿಲಿಗೆ ವರ್ಷಗಟ್ಟಲೆ ಕಿಟಕಿ ಪಕ್ಕ ಇಟ್ಟಿದ್ದೆ, ಸತ್ತೇ ಹೋಗಿತ್ತು.

ಡಿವಿಡಿಗೆ 60 ರೂಪಾಯಿ, ಬಳೆ ಗೀರಿಗೆ 120. ಪ್ರತಿಯೊಂದನ್ನೂ ತಮ್ಮ ಬಾಕ್ಸಿನಲ್ಲಿ ಹಾಕಿ, ಮೆನು ಬಂದರೆ ಸಾಲದು ಅಂತ ಒಂದು ಮ್ಯಾಚು, ಒಂದು ರೇಸು ಶುರುವಾಗುವ ತನಕ ನೋಡಿಸಿಯೇ ದುಡ್ಡು ಕೇಳಿದರು. ಬಿಲ್ ಕೊಡಲ್ಲ. ಕರೆಂಟ್ ಹೋಗಿ ನಾನು ಮುಕ್ಕಾಲು ಗಂಟೆ ಸುಮ್ನೆ ಕೂತೆ, ಫ್ಯಾನೂ ಇಲ್ಲ, ಬೇಸಿಗೆಯಲ್ಲಿ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಗ್ರಾನ್ ಟುರಿಸ್ಮೊ ಡಿಸ್ಕ್ ಮೊದಲ ಸಲ ಮಂಜು ಕವಿದ ಹಾಗೆ ಬಂದಿತ್ತು, ತೋರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳದೆ ಮತ್ತೆ ಪಾಲಿಶ್ ಕೊಟ್ಟರು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತಾರೆ.

ಒಯ್ಯುವಾಗ ಒಂದೊಂದಕ್ಕೂ ಬೇರೆ ಕವರ್ ಹಾಕಿ. ನನ್ನ ಮುಂದೆ ಒಬ್ಬ ಹುಡುಗ ಸಿರುಗುಪ್ಪದಿಂದ ಹತ್ತು ಡಿಸ್ಕನ್ನ ಒಂದರ ಮೇಲೊಂದು ಪೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಬಸ್ಸಿನಲ್ಲಿ ತಂದಿದ್ದ. ಮನೆಯಲ್ಲಿ ಮೂರೇ ಡಿಸ್ಕಿಗೆ ಗೀರಿತ್ತಂತೆ, ಇಲ್ಲಿ ಬಿಚ್ಚಿ ನೋಡಿದರೆ ಹತ್ತಕ್ಕೂ ಆಗಿತ್ತು.