ಸುದ್ದಿ ಸಂಸ್ಥೆಗಳ ಫೋಟೊ ಸೇವೆ: ಡೆಸ್ಕ್‌ನಲ್ಲಿ ಕೂತವರ ಅನುಭವ

ಪತ್ರಿಕೆಯ ಫೋಟೊ ಡೆಸ್ಕ್ ನನ್ನ ಕೆಲಸದ ಜಾಗ. ಅಂತರರಾಷ್ಟ್ರೀಯ ಸುದ್ದಿ ಸಂಸ್ಥೆಗಳು ಕಳಿಸುವ ಚಿತ್ರಗಳನ್ನು ದಿನವೂ ಆರಿಸುತ್ತೇನೆ. ಈ ಸೇವೆಗೆ ಚಂದಾ ಕಟ್ಟುವ ಪತ್ರಿಕೆಗಳು ಜಾಸ್ತಿ ನೋಡುವುದು ವೇಗವನ್ನು. ನನಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಕಳಿಸಿದ ಚಿತ್ರ ಸರಿಯಿಲ್ಲ ಅಂತ ಗೊತ್ತಾದ ಮೇಲೆ ಸಂಸ್ಥೆ ಏನು ಮಾಡುತ್ತದೆ?

ಇಲ್ಲಿ ಅಮೆರಿಕದ ಸುದ್ದಿ ಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ಗೆ (ಎಪಿ) ನನ್ನ ಪೂರ್ತಿ ಅಂಕ. ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಅದರಿಂದ ಏನನ್ನೂ ಅಳಿಸಬಾರದು ಎಂಬುದು ಅವರ ನಿಯಮ. ಸಿರಿಯಾ ಯುದ್ಧದ ಒಂದು ಚಿತ್ರದ ಮೂಲೆಯಲ್ಲಿ ಇನ್ನೊಬ್ಬ ಪತ್ರಕರ್ತರ ಕ್ಯಾಮೆರಾ ಕಾಣುತ್ತಿತ್ತು. ಫ್ರೀಲಾನ್ಸ್ (ಸಂಸ್ಥೆಯ ನೌಕರರಲ್ಲದ) ಫೋಟೊಗ್ರಾಫರ್ ಅದನ್ನು ಅಳಿಸಿ ಕಳಿಸಿದ್ದರು. ಅವರು ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಗೆದ್ದ ತಂಡದವರು. ಆದರೂ 2014ರಲ್ಲಿ ಸಂಸ್ಥೆ ಅವರ ಸಂಬಂಧ ಕಡಿದುಕೊಂಡಿತು. ಅವರ ಉಳಿದ ಚಿತ್ರಗಳನ್ನೂ ಸಂಗ್ರಹದಿಂದ ತೆಗೆಯಿತು. ಇದು ಜಾಸ್ತಿಯಾಯಿತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಯುದ್ಧ ನಡೆಯುವ ಜಾಗ ನಮಗೆ ಕಾಣುವುದಿಲ್ಲ, ಕೈಗೆ ಬರುವ ಚಿತ್ರವೊಂದೇ ಆಧಾರ.

2024ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಅರಮನೆ ಕೊಟ್ಟ ರಾಜಕುಮಾರಿ ಕೇಟ್ ಮತ್ತು ಮಕ್ಕಳ ಫೋಟೊ ತಿದ್ದಿದ್ದು ಅಂತ ಕಂಡಾಗ ಎಪಿ, ರಾಯಿಟರ್ಸ್, ಫ್ರಾನ್ಸಿನ ಎಎಫ್‌ಪಿ ಸುದ್ದಿ ಸಂಸ್ಥೆಗಳೆಲ್ಲವೂ ಅದನ್ನು ಬಳಸಬೇಡಿ ಎಂದು ಹಿಂಪಡೆದವು. ಕೊಟ್ಟವರು ದೊಡ್ಡವರು ಅಂತ ಸುಮ್ಮನಿರಲಿಲ್ಲ. ಚಂದಾದ ಹಣಕ್ಕೆ ಸಿಗಬೇಕಾದದ್ದು ಇದೇ ಅಲ್ವಾ?

ಎಎಫ್‌ಪಿಯ ಒಂದು ನಿರ್ಧಾರವೂ ನನಗೆ ಇಷ್ಟ. ತನ್ನ ವರದಿಗಾರರನ್ನು ಕಳಿಸಲು ಹಿಂಜರಿಯುವ ಸಿರಿಯಾದ ಜಾಗಗಳಿಗೆ ಹೋಗುವ ಫ್ರೀಲಾನ್ಸರ್‌ಗಳ ಕೆಲಸವನ್ನು ಕೊಳ್ಳುವುದಿಲ್ಲ ಎಂದು 2014ರಲ್ಲಿ ಅದು ಹೇಳಿತು. ಕೊಳ್ಳುವವರಿದ್ದರೆ ಅಪಾಯದ ಜಾಗಕ್ಕೂ ಹೋಗುವವರಿರುತ್ತಾರೆ. ನಮಗೆ ಚಿತ್ರ ಕಡಿಮೆ ಸಿಕ್ಕರೂ ಪರವಾಗಿಲ್ಲ.

ನನ್ನ ದೂರು ಬೇರೊಂದು ಸೇವೆಯ ಮೇಲೆ. ಹೆಸರು ಬೇಡ. ಬಾಂಬ್ ದಾಳಿಯಲ್ಲಿ ಸತ್ತವರೊಬ್ಬರ ಮುಖ ಸ್ಪಷ್ಟವಾಗಿ ಕಾಣುವ ಚಿತ್ರ ಬಂತು. ಅಡಿಬರಹದಲ್ಲಿ ಹೆಸರೂ ಇತ್ತು. ಮನೆಯವರಿಗೆ ಸುದ್ದಿ ಮುಟ್ಟಿದೆಯೇ ಎಂಬ ಮಾತೇ ಇಲ್ಲ. 'ಮನ ಕಲಕುವ ದೃಶ್ಯ' ಎಂಬ ಎಚ್ಚರಿಕೆಯ ಸಾಲು ಮಾತ್ರ. ಕೇಳಿದರೆ, ಬಳಸುವುದು ಬಿಡುವುದು ನಿಮಗೆ ಬಿಟ್ಟದ್ದು ಎಂಬ ಉತ್ತರ. ನಾನು ಬಿಟ್ಟೆ. ಆದರೆ ಸ್ಥಳದಲ್ಲಿದ್ದವರಿಗೆ ತಿಳಿಯಬಹುದಾದದ್ದನ್ನು ದೂರದಲ್ಲಿ ಕೂತ ನಾನು ಊಹಿಸಬೇಕೇ? ಈ ಸೇವೆಗೆ ಐದಕ್ಕೆ ಎರಡು ಅಂಕ.

ಹೊಸದಾಗಿ ಚಂದಾ ಮಾಡುವವರು ಮಾದರಿ ಚಿತ್ರಗಳ ಜೊತೆಗೆ ಅವರು ಚಿತ್ರ ಹಿಂಪಡೆದಾಗ ಕಳಿಸಿದ ಸೂಚನೆಗಳನ್ನೂ ಕೇಳಿ ಓದಿ. ಕಾರಣ ಬರೆದಿದ್ದಾರಾ, ಎಷ್ಟು ಬೇಗ ಕಳಿಸಿದ್ದಾರೆ, ನೋಡಿ.